ಕೇಳಿದರೆ ತಿಳಿಯುತ್ತದಾ, ಓದಿದರೆ ತಿಳಿಯುತ್ತದಾ? ಹಿಂದಿ ಪರೀಕ್ಷೆ ಬಗ್ಗೆ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಹಿಂದಿ ಕಲಿಸಿ ನಿವೃತ್ತಳಾದ ಶಿಕ್ಷಕಿ. ತೃತೀಯ ಭಾಷೆಯಾಗಿ ಹಿಂದಿ ಓದುವ ಮಕ್ಕಳನ್ನು ನಾವು ಪರೀಕ್ಷೆ ಮಾಡುವ ರೀತಿಯ ಬಗ್ಗೆ ಮಾತಾಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಹಿಂದಿ ಬೇಕೋ ಬೇಡವೋ ಅನ್ನುವ ಚರ್ಚೆಗೆ ನಾನು ಇಲ್ಲಿ ಕೈ ಹಾಕುವುದಿಲ್ಲ. ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟು, ಎರಡು ಭಾಷೆ ಸಾಕು ಎಂದಿದೆ. ಅದರ ಮೇಲೆ ಸರ್ಕಾರ ಏನು ತೀರ್ಮಾನ ತೆಗೆದುಕೊಳ್ಳುತ್ತದೋ ತೆಗೆದುಕೊಳ್ಳಲಿ. ಆದರೆ ಆರನೇ ತರಗತಿಯಿಂದ ಹತ್ತನೇ ತರಗತಿವರೆಗೆ ಐದು ವರ್ಷ ಒಂದು ಭಾಷೆ ಕಲಿಸಿದ ಮೇಲೆ, ಅದನ್ನು ಕೇಳಿದರೆ ಮಗುವಿಗೆ ತಿಳಿಯುತ್ತದಾ, ಓದಿದರೆ ತಿಳಿಯುತ್ತದಾ ಅಂತ ಒಮ್ಮೆಯಾದರೂ ನೋಡಬೇಕಲ್ವಾ? ಈಗ ನಾವು ಸರಿಯಾಗಿ ನೋಡುತ್ತಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಗೆ 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80 ಅಂಕವೂ ಕೈಬರಹದ್ದೇ. ಪದ್ಯದ ಸಾಲು ಪೂರ್ತಿ ಮಾಡು, ಪಾಠದ ಪ್ರಶ್ನೆಗೆ ಉತ್ತರ ಬರೆ, ಪತ್ರ ಬರೆ, ಪ್ರಬಂಧ ಬರೆ. ಕಿವಿಗೆ ಅಲ್ಲಿ ಕೆಲಸವೇ ಇಲ್ಲ. ಓದಿಗೆ ಅಂತ ಇರುವುದು ಒಂದು ಅಪಠಿತ ಗದ್ಯಾಂಶ, ಅಂದರೆ ಪಾಠಪುಸ್ತಕದಲ್ಲಿಲ್ಲದ ಪ್ಯಾರಾ ಕೊಟ್ಟು ಕೇಳುವ ಪ್ರಶ್ನೆ. ಕೇಳುವುದು, ಓದುವುದು ಏನಿದ್ದರೂ ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಲ್ಲಿ ನೋಡಿಕೊಳ್ಳಿ ಅಂತ ಬಿಟ್ಟಿದ್ದೇವೆ. ಅಲ್ಲಿ ನಡೆಯುವುದು ಹೆಚ್ಚಾಗಿ ದಾಖಲೆ ಕೆಲಸ. ಚಾರ್ಟು, ಪ್ರಾಜೆಕ್ಟ್ ಫೈಲು, ಸಹಿ. 2024ರಿಂದ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದು ಲಿಖಿತ ಪರೀಕ್ಷೆ ಬಿಗಿಯಾಯಿತು. ಆ ಬಿಗಿ ಆಂತರಿಕ ಅಂಕದ ಹತ್ತಿರ ಸುಳಿದಿಲ್ಲ. ಶಾಲೆಯ ರಿಸಲ್ಟ್ ಕುಸಿದರೆ ಉತ್ತರ ಕೊಡಬೇಕಾದವರು ಶಿಕ್ಷಕರು ತಾನೇ? ಹಾಗಾಗಿ ಓದಲು ಬಂದರೂ ಬಾರದಿದ್ದರೂ ಅಲ್ಲಿ ಕೈ ಧಾರಾಳವಾಗುತ್ತದೆ.

ಇನ್ನು ಲಿಖಿತ ಪರೀಕ್ಷೆಗೆ 'ಪಾಸಿಂಗ್ ಪ್ಯಾಕೇಜ್' ಇದ್ದೇ ಇದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಆಯ್ದ ಪ್ರಶ್ನೆ, ಆಯ್ದ ಪದ್ಯ, ಒಂದು ರಜಾ ಪತ್ರ, ಒಂದೆರಡು ಪ್ರಬಂಧ. ಇಷ್ಟು ಕಂಠಪಾಠ ಮಾಡಿಸಿದರೆ ದಡ ಸೇರಬಹುದು. ಅದನ್ನು ಮಾಡಿಸುವ ಶಿಕ್ಷಕರನ್ನು ನಾನು ದೂರುವುದಿಲ್ಲ. ಮಗು ಫೇಲಾಗಿ ಶಾಲೆ ಬಿಡುವುದಕ್ಕಿಂತ ಅದು ಮೇಲು. ಆದರೆ ಇದರ ಫಲ ನೋಡಿ. ಹಿಂದಿ ಮಾತಾಡಿದರೆ ಚೆನ್ನಾಗಿ ತಿಳಿಯುವ, ಆದರೆ ಕಾಗುಣಿತ ತಪ್ಪುವ ಹುಡುಗಿ ಫೇಲ್. ಒಂದು ವಾಕ್ಯವೂ ತಿಳಿಯದೆ ಬಾಯಿಪಾಠ ಒಪ್ಪಿಸುವ ಹುಡುಗ ಪಾಸ್.

ಓದಿನ ಪರೀಕ್ಷೆ ಹೇಗೆ ದಾರಿ ತಪ್ಪುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಪಕ್ಕ ನಿಂತು ಪಾಠ ಓದುತ್ತಿದ್ದ. ಪುಸ್ತಕ ಎದುರಿಗಿತ್ತು, ಬೆರಳು ಸಾಲಿನ ಮೇಲಿತ್ತು. ಓದು ಸರಾಗವಾಗಿತ್ತು. ಸ್ವಲ್ಪ ಬಗ್ಗಿ ನೋಡಿದರೆ ಬೆರಳು ಎರಡನೇ ಸಾಲಿನಲ್ಲಿದೆ, ಬಾಯಿ ಐದನೇ ಸಾಲಿನಲ್ಲಿದೆ. ಪೂರ್ತಿ ಪಾಠ ಅವನಿಗೆ ಬಾಯಿಗೆ ಬಂದುಬಿಟ್ಟಿತ್ತು. ಅದೇ ಪುಟದಿಂದ ಮೂರು ಪದ ಬಿಡಿಬಿಡಿಯಾಗಿ ಚೀಟಿಯಲ್ಲಿ ಬರೆದು ಕೊಟ್ಟೆ. ಓದಲಾಗಲಿಲ್ಲ. ದೇವನಾಗರಿಯ ಘ ಮತ್ತು ಧ, ಭ ಮತ್ತು ಮ ನೋಡಲು ತುಂಬ ಹತ್ತಿರ. ಅವನಿಗೆ ಅವು ಇನ್ನೂ ಬೇರೆಬೇರೆ ಆಗಿರಲಿಲ್ಲ. ಅವನ ಎಫ್‌ಎ ದಾಖಲೆಯಲ್ಲಿ ಮಾತ್ರ ಓದಿಗೆ ಒಳ್ಳೆಯ ಅಂಕವಿತ್ತು. ಹುಡುಗ ಬುದ್ಧಿವಂತನೇ. ಅಷ್ಟುದ್ದ ಬಾಯಿಪಾಠ ಮಾಡುವವನಿಗೆ ಅಕ್ಷರ ಕಲಿಯುವುದು ಯಾವ ಲೆಕ್ಕ? ಅವನಿಗೆ ಅದು ಬರುವುದಿಲ್ಲ ಅಂತ ಯಾರಿಗೂ ಗೊತ್ತೇ ಆಗಿರಲಿಲ್ಲ, ಅಷ್ಟೇ.

ಆದ್ದರಿಂದ ಓದಿಸಿ ನೋಡುವುದಾದರೆ ಮಗು ಹಿಂದೆ ಕಾಣದ ಪುಟದಿಂದಲೇ ಓದಿಸಬೇಕು. ಹಳ್ಳಿ ಮಕ್ಕಳ ಓದು, ಲೆಕ್ಕ ಹೇಗಿದೆ ಅಂತ ನೋಡಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯಲ್ಲಿ ಒಂದು ಸರಳ ಪದ್ಧತಿ ಇದೆ. ಅಕ್ಷರ, ಪದ, ಚಿಕ್ಕ ಪ್ಯಾರಾ, ಸ್ವಲ್ಪ ದೊಡ್ಡ ಕತೆ. ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನೋಡುತ್ತಾರೆ. ಎಂಟನೇ ತರಗತಿಯ ಆರಂಭದಲ್ಲಿ ಹಿಂದಿಗೂ ಹೀಗೇ ಒಮ್ಮೆ ನೋಡಿದರೆ ಯಾರಿಗೆ ಅಕ್ಷರದಿಂದ ಶುರು ಮಾಡಬೇಕು, ಯಾರಿಗೆ ಕತೆಪುಸ್ತಕ ಕೊಡಬಹುದು ಅನ್ನುವುದು ಆ ವಾರವೇ ತಿಳಿಯುತ್ತದೆ.

ಗಟ್ಟಿಯಾಗಿ ಓದಿಸುವಾಗ ಯಾವುದು ತಪ್ಪು, ಯಾವುದು ಅಲ್ಲ ಅನ್ನುವುದನ್ನೂ ಇಲಾಖೆ ಸ್ಪಷ್ಟ ಮಾಡಬೇಕು. ಕನ್ನಡದಲ್ಲಿ ನಾವು ಬರೆದ ಪ್ರತಿ ಅಕ್ಷರವನ್ನೂ ಪೂರ್ತಿ ಉಚ್ಚರಿಸುತ್ತೇವೆ. ಹಿಂದಿಯಲ್ಲಿ ಹಾಗಲ್ಲ, 'ಲಡಕಾ' ಅಂತ ಬರೆದದ್ದನ್ನು 'ಲಡ್ಕಾ' ಅನ್ನುತ್ತಾರೆ. ನಮ್ಮ ಮಕ್ಕಳು ಬರೆದಂತೆಯೇ ಓದುತ್ತಾರೆ. ಅದಕ್ಕೆ ಅಂಕ ಕಳೆಯಬಾರದು. ಅದು ನಮ್ಮ ನಾಲಿಗೆಯ ರೂಢಿ, ಅರ್ಥಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಘ ಇರುವಲ್ಲಿ ಧ ಓದಿದರೆ ಅದು ತಪ್ಪು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಮಕ್ಕಳು ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾರೆ.

ಗದ್ಯಾಂಶದ ಪ್ರಶ್ನೆಗಳ ಕತೆ ಬೇರೆ. 'ಟಿಂಬು ಗೊಂಕವನ್ನು ಲಪಿಸಿತು' ಅಂತ ಒಂದು ವಾಕ್ಯ ಇದೆ ಅಂದುಕೊಳ್ಳಿ. 'ಗೊಂಕವನ್ನು ಲಪಿಸಿದ್ದು ಯಾವುದು?' ಅಂತ ಕೇಳಿದರೆ ನೀವು ಥಟ್ಟನೆ 'ಟಿಂಬು' ಅನ್ನುತ್ತೀರಿ. ಆ ಪದಗಳಿಗೆ ಅರ್ಥವೇ ಇಲ್ಲ, ಉತ್ತರ ಮಾತ್ರ ಸರಿ! ನಮ್ಮ ಮಕ್ಕಳು ಅಪಠಿತ ಗದ್ಯಾಂಶಕ್ಕೆ ಮಾಡುವುದು ಇದನ್ನೇ. ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಆ ಸಾಲನ್ನು ಹಾಗೇ ಇಳಿಸು. ಗದ್ಯದಲ್ಲಿ ಇರುವ ಪದವನ್ನೇ ಪ್ರಶ್ನೆಯಲ್ಲಿ ಇಡಬಾರದು. ಎರಡು ವಾಕ್ಯ ಜೋಡಿಸಿಕೊಂಡರೆ ಮಾತ್ರ ಹೊಳೆಯುವ ಉತ್ತರ ಒಂದಾದರೂ ಇರಬೇಕು. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಇದೊಂದು ಸೂಚನೆ ಹೋದರೂ ಸಾಕಷ್ಟು ಬದಲಾಗುತ್ತದೆ.

ಈಗ ಕೇಳುವ ವಿಷಯ. ನನಗೆ ಜಾಸ್ತಿ ಕಾಳಜಿ ಇರುವುದು ಇಲ್ಲೇ. ನಮ್ಮ ಮಕ್ಕಳಲ್ಲಿ ಬಹಳಷ್ಟು ಜನ ಮುಂದೆ ಹಿಂದಿಯಲ್ಲಿ ಪ್ರಬಂಧ ಬರೆಯುವುದಿಲ್ಲ. ರೈಲು ನಿಲ್ದಾಣದಲ್ಲಿ, ಫೋನಿನಲ್ಲಿ, ಬೇರೆ ರಾಜ್ಯದ ಸಹೋದ್ಯೋಗಿಯ ಜೊತೆ ಅವರಿಗೆ ಬೇಕಾಗುವುದು ಕೇಳಿ ತಿಳಿಯುವ ಶಕ್ತಿ. ಬೋರ್ಡು, ಫಾರಂ, ಮೆಸೇಜ್ ಓದಿ ತಿಳಿಯುವ ಶಕ್ತಿ. ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಕಡಿಮೆ ಬೇಕಾಗುವುದಕ್ಕೆ ಎಲ್ಲ ಅಂಕ, ಹೆಚ್ಚು ಬೇಕಾಗುವುದಕ್ಕೆ ಹೆಸರಿಗೊಂದು ಚಟುವಟಿಕೆ. 1984ರಿಂದ ನಡೆಯುತ್ತಿರುವ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆ, ಜೆಎಲ್‌ಪಿಟಿಯಲ್ಲಿ ಪ್ರಬಂಧವೇ ಇಲ್ಲ. ಪದ–ವ್ಯಾಕರಣ, ಓದು, ಕೇಳುವಿಕೆ ಇಷ್ಟೇ. ಪ್ರಪಂಚದ ಎಷ್ಟೋ ದೇಶಗಳಲ್ಲಿ ಜಪಾನಿ ಕಲಿಯುವವರು ಅದನ್ನೇ ಬರೆಯುತ್ತಾರೆ. ಅಷ್ಟು ದೂರ ಯಾಕೆ, ಸಿಬಿಎಸ್‌ಇಯ ಹಿಂದಿಯಲ್ಲಿ ಆಂತರಿಕ 20 ಅಂಕದೊಳಗೇ ಕೇಳುವುದಕ್ಕೂ ಮಾತಾಡುವುದಕ್ಕೂ ಅಂತ ಜಾಗ ಇಟ್ಟಿದ್ದಾರೆ.

ಕೇಳುವ ಪರೀಕ್ಷೆ ಅಂದ ಕೂಡಲೇ ಪಾಠಪುಸ್ತಕದ ಪ್ಯಾರಾ ಗಟ್ಟಿಯಾಗಿ ಓದಿ ಪ್ರಶ್ನೆ ಕೇಳುವುದು ಅಂದುಕೊಳ್ಳುತ್ತಾರೆ. ದಯವಿಟ್ಟು ಅದು ಬೇಡ. ಓದಲಿಕ್ಕೆ ಬರೆದ ವಾಕ್ಯ ಕಿವಿಗೆ ಭಾರ. ಪ್ಲಾಟ್‌ಫಾರಂ ಬದಲಾದ ಪ್ರಕಟಣೆ, ಇಬ್ಬರ ಮಾತುಕತೆ, ಫೋನಿನಲ್ಲಿ ಬಿಟ್ಟ ಸಂದೇಶ, ಹವಾಮಾನದ ಸುದ್ದಿ ಇಂಥವು ಇರಲಿ. ಒಂದು ನಿಮಿಷ ಸಾಕು. ಪ್ರಶ್ನೆ ಮೊದಲೇ ಕೈಗೆ ಕೊಡಬೇಕು. ಏನು ಕೇಳಿಸಿಕೊಳ್ಳಬೇಕು ಅಂತ ಗೊತ್ತಿಲ್ಲದೆ ಕೂತರೆ ಅದು ನೆನಪಿನ ಪರೀಕ್ಷೆ ಆಗಿಬಿಡುತ್ತದೆ. ಎರಡು ಸಲ ಕೇಳಿಸಬೇಕು.

ಕೇಳಬೇಕಾದದ್ದು ಏನು ಅನ್ನುವುದಕ್ಕೆ ಅಂಕಿಗಳು ಒಳ್ಳೆಯ ಉದಾಹರಣೆ. ಕನ್ನಡದಲ್ಲಿ ಇಪ್ಪತ್ತೊಂಬತ್ತು ಅಂದರೆ ಅದರಲ್ಲೇ ಇಪ್ಪತ್ತು ಇದೆ. ಹಿಂದಿಯಲ್ಲಿ 29 'ಉನ್ತೀಸ್', 39 'ಉನ್ತಾಲೀಸ್', 49 'ಉನ್‌ಚಾಸ್'. ಕಿವಿಗೆ 'ತೀಸ್' ಬಿದ್ದ ಕೂಡಲೇ ಮಕ್ಕಳು ಮೂವತ್ತರ ಮೇಲಿನ ಅಂಕಿ ಬರೆದುಬಿಡುತ್ತಾರೆ. ಒಂದರಿಂದ ನೂರರವರೆಗೆ ತಪ್ಪಿಲ್ಲದೆ ಬರೆದು ತೋರಿಸುವ ಮಗುವೂ ಇಲ್ಲಿ ಎಡವುತ್ತದೆ. ಹಾಗೇ 'ಕಲ್' ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯದ ಕೊನೆಯ ಕ್ರಿಯಾಪದ ಕಿವಿಗೆ ಬಿದ್ದರೆ ಮಾತ್ರ ಅಣ್ಣ ಬಂದು ಹೋದನೋ, ಇನ್ನು ಬರುವವನೋ ತಿಳಿಯುತ್ತದೆ. ಇಂಥ ಎರಡು ಪ್ರಶ್ನೆ ಒಂದು ಪುಟದ ಪ್ರಬಂಧಕ್ಕಿಂತ ಜಾಸ್ತಿ ಹೇಳುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೇಳುವ ಪರೀಕ್ಷೆಯ ಉತ್ತರ ಕನ್ನಡದಲ್ಲಿ ಬರೆಯಲು ಬಿಡಿ. ಇಲ್ಲವೇ ಚಿತ್ರಕ್ಕೆ ಗುರುತು ಹಾಕಲಿ, ಅಂಕಿ ಬರೆಯಲಿ. ಹಿಂದಿಯಲ್ಲೇ ಬರೆ ಅಂದರೆ ಲಿಂಗ ತಪ್ಪಿತು, ಮಾತ್ರೆ (ಸ್ವರಚಿಹ್ನೆ) ತಪ್ಪಿತು ಅಂತ ಮತ್ತೆ ಬರವಣಿಗೆಯನ್ನೇ ತಿದ್ದುತ್ತಾ ಕೂರುತ್ತೇವೆ. ನಮಗೆ ಬೇಕಾದದ್ದು ಕೇಳಿದ್ದು ತಿಳಿಯಿತಾ ಅನ್ನುವುದು ಮಾತ್ರ. ಓದಿನ ಪ್ರಶ್ನೆಗೂ ಅರ್ಧದಷ್ಟಾದರೂ ಕನ್ನಡದಲ್ಲಿ ಉತ್ತರಿಸುವ ಅವಕಾಶ ಇರಲಿ. ಹಾಗೇ ಕೇಳದೆಯೇ ಉತ್ತರ ಗೊತ್ತಿರುವ ಪ್ರಶ್ನೆ ಇಡಬಾರದು. ಗಾಂಧೀಜಿ ಎಲ್ಲಿ ಹುಟ್ಟಿದರು ಅಂತ ಕೇಳಿದರೆ ಮಗು ಸಮಾಜ ವಿಜ್ಞಾನದಿಂದ ಉತ್ತರ ಬರೆಯುತ್ತದೆ. ಪ್ರಶ್ನೆಗಳನ್ನು ಮೊದಲು ಒಂದು ತರಗತಿಗೆ ಧ್ವನಿ ಕೇಳಿಸದೆಯೇ ಕೊಟ್ಟು ನೋಡಲಿ. ತುಂಬ ಮಕ್ಕಳು ಸರಿ ಬರೆದರೆ ಆ ಪ್ರಶ್ನೆ ಕೈಬಿಡಬೇಕು.

ಧ್ವನಿಮುದ್ರಣವನ್ನು ಪರೀಕ್ಷಾ ಮಂಡಳಿಯೇ ಒದಗಿಸಿದರೆ ರಾಜ್ಯಕ್ಕೆಲ್ಲ ಒಂದೇ ಅಳತೆ. ಸರ್ಕಾರದ ಆನ್‌ಲೈನ್ ಕಲಿಕಾ ತಾಣ ದೀಕ್ಷಾದ ಕ್ಯೂಆರ್ ಕೋಡ್ ಪಠ್ಯಪುಸ್ತಕದಲ್ಲಿ ಹೇಗೂ ಇದೆ. ಅಭ್ಯಾಸದ ಧ್ವನಿಗಳನ್ನು ಅಲ್ಲೇ ಹಾಕಬಹುದು. ಮಹಿಳೆಯರ ಧ್ವನಿ, ಗಂಡಸರ ಧ್ವನಿ, ಮಕ್ಕಳ ಧ್ವನಿ ಎಲ್ಲ ಇರಲಿ. ಒಬ್ಬರೇ ಟೀಚರ್ ಮಾತು ಕೇಳಿ ಬೆಳೆದ ಮಗುವಿಗೆ ಬೇರೆಯವರ ಹಿಂದಿ ಹೊಸ ಭಾಷೆಯಂತೆ ಕೇಳಿಸುತ್ತದೆ. ಪರೀಕ್ಷೆ ದಿನ ಕರೆಂಟು ಹೋದರೆ, ಸ್ಪೀಕರ್ ಕೈಕೊಟ್ಟರೆ ಶಿಕ್ಷಕರೇ ಓದಿ ಹೇಳಲು ಅದೇ ಮಾತಿನ ಬರಹ ಮೊಹರಾದ ಲಕೋಟೆಯಲ್ಲಿರಲಿ. ಕೊನೆ ಬೆಂಚಿಗೆ ಧ್ವನಿ ಮುಟ್ಟುತ್ತದೆಯೇ ಅಂತ ಮೊದಲೇ ನೋಡುವುದು ಸಣ್ಣ ಕೆಲಸ. ಆದರೆ ಅದು ತಪ್ಪಿದರೆ ಇಡೀ ಪರೀಕ್ಷೆ ಅನ್ಯಾಯ.

ತೊಡಕುಗಳಿವೆ, ಇಲ್ಲ ಅನ್ನುವುದಿಲ್ಲ. ಬೀದರ್, ಕಲಬುರಗಿಯ ಮಗು ಬೀದಿಯಲ್ಲೇ ಹಿಂದಿಗೆ ಹತ್ತಿರದ ದಖ್ಖನಿ ಮಾತು ಕೇಳಿ ಬೆಳೆದಿರುತ್ತದೆ. ಚಾಮರಾಜನಗರದ ಹಳ್ಳಿಯ ಮಗುವಿಗೆ ಶಾಲೆಯ ಪೀರಿಯಡ್ ಬಿಟ್ಟರೆ ಹಿಂದಿ ಸಿಗುವುದೇ ಇಲ್ಲ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಪಾಸು–ಫೇಲು ಮಾಡುವುದು ಸರಿಯಲ್ಲ. ಅದಕ್ಕೇ ಮೊದಲ ಎರಡು ವರ್ಷ ಈ ಅಂಕ ಯಾರ ಫಲಿತಾಂಶಕ್ಕೂ ಅಡ್ಡ ಬರಬಾರದು. ಮಗು ಎಲ್ಲಿದೆ ಅಂತ ತಿಳಿಯಲು ಮಾತ್ರ ಬಳಸಿ. ಶ್ರವಣದೋಷ ಇರುವ ಮಕ್ಕಳಿಗೆ ಕೇಳುವ ಬದಲು ಓದಿನ ಪ್ರಶ್ನೆ, ಓದಿನ ತೊಂದರೆ ಇರುವ ಮಕ್ಕಳಿಗೆ ಓದಿನ ಬದಲು ಕೇಳುವ ಪ್ರಶ್ನೆ ಕೊಡಬೇಕು. ಇದನ್ನು ಆದೇಶದಲ್ಲೇ ಬರೆದಿರಬೇಕು, ಶಾಲೆಯವರ ಮರ್ಜಿಗೆ ಬಿಡಬಾರದು.

ಸಮಯದ ಮಾತು ಶಿಕ್ಷಕರಿಂದ ಬಂದೇ ಬರುತ್ತದೆ. 60 ಮಕ್ಕಳ ತರಗತಿಯಲ್ಲಿ ಒಬ್ಬರಿಗೆ ಮೂರು ನಿಮಿಷ ಅಂದರೆ 180 ನಿಮಿಷ, 40 ನಿಮಿಷದ ಪೀರಿಯಡ್ ಲೆಕ್ಕದಲ್ಲಿ ನಾಲ್ಕೂವರೆ. ಒಂದೇ ವಾರದಲ್ಲಿ ಮುಗಿಸಿ ಅಂದರೆ ಸುಮ್ನೆ ಅಂಕ ತುಂಬಿ ಕಳಿಸುತ್ತಾರೆ. ದಿನಕ್ಕೆ ಇಬ್ಬರು ಅಂತ ತಿಂಗಳಾನುಗಟ್ಟಲೆ ಹರಡಿದರೆ ಯಾರಿಗೂ ಹೊರೆಯಾಗುವುದಿಲ್ಲ. ಈ ಕೆಲಸ ಸೇರಿಸುವಾಗ ಒಂದು ಪ್ರಾಜೆಕ್ಟ್ ಫೈಲನ್ನು ತೆಗೆದುಹಾಕಿ. ಹೊಸದನ್ನು ಹೇರುತ್ತಾ ಹಳೆಯದನ್ನೂ ಉಳಿಸಿಕೊಂಡರೆ ಎರಡೂ ಕಾಗದದಲ್ಲೇ ಉಳಿಯುತ್ತವೆ.

ಈ ಕೆಲಸ ಹಿಂದಿಗೆ ಮಾತ್ರ ಅಲ್ಲ ಅನ್ನುವುದನ್ನೂ ನಿಮ್ಮ ಗಮನಕ್ಕೆ ತರುತ್ತೇನೆ. 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಿಂದಾಗಿ ಬೇರೆ ಮಾತೃಭಾಷೆಯ ಎಷ್ಟೋ ಮಕ್ಕಳು ಇಂದು ಕನ್ನಡ ಕಲಿಯುತ್ತಿದ್ದಾರೆ. ಅವರಲ್ಲೂ ಪರೀಕ್ಷೆ ಪಾಸಾಗಿ, ಪಕ್ಕದ ಮನೆಯವರು ಕನ್ನಡದಲ್ಲಿ ಮಾತಾಡಿಸಿದರೆ ತಬ್ಬಿಬ್ಬಾಗುವವರಿದ್ದಾರೆ. ಹಿಂದಿಗೆ ಕಟ್ಟುವ ವ್ಯವಸ್ಥೆ ನಾಳೆ ಕನ್ನಡ ಕಲಿಯುವ ಆ ಮಕ್ಕಳಿಗೂ ಹಾಗೇ ಬಳಸಲು ಬರುತ್ತದೆ. ತೃತೀಯ ಭಾಷೆಯ ಬಗ್ಗೆ ಸರ್ಕಾರ ಏನೇ ನಿರ್ಧರಿಸಲಿ, ಇದಕ್ಕೆ ಹಾಕಿದ ಶ್ರಮ ವ್ಯರ್ಥವಾಗುವುದಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಆಂತರಿಕ 20 ಅಂಕದಲ್ಲಿ ಐದು ಕೇಳುವುದಕ್ಕೆ, ಐದು ಓದುವುದಕ್ಕೆ ಮೀಸಲಿಡಿ. ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ನಾಲ್ಕೂ ವಿಭಾಗಗಳಲ್ಲಿ ಒಂದೊಂದು ತಾಲ್ಲೂಕು ಆರಿಸಿ, ಒಂಬತ್ತನೇ ತರಗತಿಗೆ ಮಾತ್ರ ಒಂದು ವರ್ಷ ನಡೆಸಿ ನೋಡಿ. ಪ್ರಶ್ನೆ ತಯಾರಿಸುವ ಸಮಿತಿಯಲ್ಲಿ ಈಗ ತರಗತಿಯಲ್ಲಿ ನಿಂತು ಕಲಿಸುತ್ತಿರುವ ಹಿಂದಿ ಶಿಕ್ಷಕರು ಅರ್ಧಕ್ಕಿಂತ ಕಡಿಮೆ ಇರದಂತೆ ನೋಡಿಕೊಳ್ಳಿ. ವರ್ಷದ ಕೊನೆಗೆ ಏನು ಕಂಡುಬಂತು ಅನ್ನುವುದನ್ನು ಶಿಕ್ಷಕರಿಗೂ ಪೋಷಕರಿಗೂ ಸಿಗುವಂತೆ ಪ್ರಕಟಿಸಿ. ಮುಂದಿನ ಶೈಕ್ಷಣಿಕ ವರ್ಷದ ಮೊದಲ ಎಫ್‌ಎಗೆ ಮುಂಚೆ ಈ ಆದೇಶ ಶಾಲೆಗಳಿಗೆ ತಲುಪಿದರೆ ತಯಾರಿಗೆ ಸಮಯ ಸಿಗುತ್ತದೆ.

ಇಂತಿ ವಂದನೆಗಳೊಂದಿಗೆ,
ನಿವೃತ್ತ ಹಿಂದಿ ಶಿಕ್ಷಕಿ