ರೋಗಿಗೆ ಹೇಳಬೇಕಾದ ಲೆಕ್ಕ

ಸಾಗರ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ಕೊನೆಕೊಯ್ಲು ಮುಗಿಯುತ್ತ ಬಂದಿದೆ. ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ವೈದ್ಯಕೀಯದ ಅಂಕಿಅಂಶಗಳ ಲೆಕ್ಕವನ್ನು ಪಾಸಾಗುವಷ್ಟು ಓದಿದರೆ ಸಾಕು, ವೈದ್ಯಕೀಯ ನೀತಿಯಂತೂ ಒಳ್ಳೆಯ ಮನಸ್ಸಿದ್ದರೆ ತಾನಾಗಿ ಬರುತ್ತದೆ ಎಂದು ನೀನು ಬರೆದಿದ್ದೀಯ. ಆ ಮಾತಿಗೆ ಉತ್ತರ ಬರೆಯದಿರಲು ನನ್ನಿಂದ ಆಗಲಿಲ್ಲ. ಇವೆರಡು ನಿಮ್ಮ ಪಠ್ಯದಲ್ಲಿ ಬೇರೆಬೇರೆ ಅಧ್ಯಾಯಗಳಾಗಿರಬಹುದು, ಆದರೆ ಲೆಕ್ಕ ತಿಳಿಯದ ವೈದ್ಯೆ ಎಷ್ಟೇ ಒಳ್ಳೆಯವಳಾಗಿದ್ದರೂ ರೋಗಿಗೆ ನಿಜ ಹೇಳಲಾರಳು.

ನಮ್ಮ ಸೀಮೆಯ ಕಾಯಿಲೆಯನ್ನೇ ತೆಗೆದುಕೋ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗಳವರು ಜ್ವರದಿಂದ ಮಲಗಿದಾಗ ಗುರುತಿಸಿದ ಮಂಗನ ಕಾಯಿಲೆ, ಇಂದಿಗೂ ದರಕು ಗುಡಿಸಲು, ಸೊಪ್ಪು ಸೌದೆ ತರಲು ಕಾಡಿಗೆ ಹೋಗುವವರಿಗೇ ಉಣುಗಿನಿಂದ ಹೆಚ್ಚಾಗಿ ತಗಲುತ್ತದೆ. ಇದಕ್ಕೊಂದು ಪರೀಕ್ಷೆ ಇದೆ, ಕಾಯಿಲೆ ಇದ್ದವರನ್ನು ಇದೆ ಎಂದು ಹಿಡಿಯುವ ಅದರ ಸೆನ್ಸಿಟಿವಿಟಿ, ಇಲ್ಲದವರನ್ನು ಇಲ್ಲ ಎಂದು ಬಿಡುವ ಸ್ಪೆಸಿಫಿಸಿಟಿ ಎರಡೂ ಶೇಕಡಾ 90 ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ಫೆಬ್ರವರಿಯಲ್ಲಿ, ಮಂಗ ಸತ್ತ ಊರುಗಳಿಂದ ಬಂದ 1000 ಜ್ವರದವರಲ್ಲಿ 500 ಮಂದಿಗೆ ಕಾಯಿಲೆ ಇದ್ದರೆ, ಅವರಲ್ಲಿ 450 ಮಂದಿಗೆ ಪಾಸಿಟಿವ್ ಬರುತ್ತದೆ, ಕಾಯಿಲೆ ಇಲ್ಲದವರಲ್ಲಿ 50 ಮಂದಿಗೂ ತಪ್ಪಾಗಿ ಬರುತ್ತದೆ. ಪಾಸಿಟಿವ್ ಆದ 500ರಲ್ಲಿ 450 ನಿಜ. ಅದೇ ಪರೀಕ್ಷೆಯನ್ನು ಮಳೆಗಾಲದಲ್ಲಿ, ಶಿವಮೊಗ್ಗ ಪೇಟೆಯಲ್ಲಿ, ಕಾಡಿನ ಕಡೆ ತಲೆಹಾಕದ 1000 ಜ್ವರದವರಿಗೆ ಮಾಡಿಸು. ಅವರಲ್ಲಿ 10 ಮಂದಿಗೆ ಕಾಯಿಲೆ ಇದೆ ಎನ್ನೋಣ. ಆಗ 9 ಮಂದಿ ಸರಿಯಾಗಿ ಸಿಗುತ್ತಾರೆ, ಉಳಿದ 990ರಲ್ಲಿ 99 ಮಂದಿ ಸುಮ್ಮನೆ ಸಿಕ್ಕಿಬೀಳುತ್ತಾರೆ. ಪಾಸಿಟಿವ್ ಆದ 108ರಲ್ಲಿ ನಿಜವಾದವು 9 ಮಾತ್ರ! ಕಿಟ್ ಅದೇ, ರಿಪೋರ್ಟಿನ ಅಕ್ಷರವೂ ಅದೇ. ಆದ್ದರಿಂದ ಲ್ಯಾಬಿನ ಚೀಟಿ ಬಿಡಿಸುವ ಮೊದಲು ಯಾವ ಊರು, ಕಾಡಿಗೆ ಹೋಗಿದ್ದಿರಾ, ಮಂಗ ಸತ್ತದ್ದು ಕಂಡಿತೇ ಎಂದು ಕೇಳು. ಆ ಪ್ರಶ್ನೆಗಳಿಲ್ಲದೆ ಚೀಟಿಯನ್ನು ಓದಲು ಬರುವುದಿಲ್ಲ.

ಈ ಕಾಯಿಲೆಯಲ್ಲಿ ಸಾಯುವವರು ಶೇಕಡಾ 3ರಿಂದ 5 ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಅಂಥ ಅಂಕಿ ಕಂಡಾಗಲೆಲ್ಲ ಛೇದದಲ್ಲಿ, ಅಂದರೆ ಲೆಕ್ಕಕ್ಕೆ ಹಿಡಿದ ಒಟ್ಟು ರೋಗಿಗಳಲ್ಲಿ, ಯಾರಿದ್ದಾರೆ ಎಂದು ವಿಚಾರಿಸು. ಗಂಜಿ ಕುಡಿದು ಮನೆಯಲ್ಲೇ ಗುಣವಾದವರು ಬಿಟ್ಟುಹೋದರೆ ಪ್ರಮಾಣ ಏರಿಯೇ ಏರುತ್ತದೆ.

ಔಷಧ ಕಂಪನಿಯವರು ಅಪಾಯ ಅರ್ಧಕ್ಕರ್ಧ ಇಳಿಯುತ್ತದೆ ಎಂದಾಗಲೂ ಹೀಗೆಯೇ. ಸಾವಿರಕ್ಕೆ ನಾಲ್ಕಿದ್ದದ್ದು ಎರಡಾದರೂ ಅರ್ಧವೇ, ಆದರೆ ಒಬ್ಬರಿಗೆ ಉಪಕಾರವಾಗಲು 500 ಮಂದಿ ಆ ಮಾತ್ರೆ ನುಂಗಬೇಕು, ಅದರ ಖರ್ಚನ್ನೂ ಅಡ್ಡಪರಿಣಾಮವನ್ನೂ ಹೊರಬೇಕು. ಎರಡೂ ಮಾತು ಸತ್ಯವೇ. ರೋಗಿಗೆ ಒಂದನ್ನೇ ಹೇಳಿ ಇನ್ನೊಂದನ್ನು ಮುಚ್ಚಿಡುವುದನ್ನು ನಾನು ಮೋಸವೆಂದೇ ತಿಳಿಯುತ್ತೇನೆ.

ಒಪ್ಪಿಗೆ ಪತ್ರದ ವಿಷಯ ಇದಕ್ಕೇ ಸೇರಿದ್ದು. ಆಪರೇಷನ್ನಿಗೆ ಬಂದ ನಮ್ಮ ಕಡೆಯ ಹೆಂಗಸರು ನಾವು ಬಾಯಿ ತೆರೆಯುವ ಮೊದಲೇ, ಅಡಿಕೆ ಸುಲಿದು ಚೊಗರು ಹಿಡಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಶಾಯಿ ಪ್ಯಾಡಿನ ಕಡೆ ಚಾಚುವುದನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. "ನಿಮಗೆ ಗೊತ್ತಿರ್ತದೆ ಡಾಕ್ಟ್ರೇ, ಎಲ್ಲಿ ಒತ್ತಬೇಕು ಹೇಳಿ" ಎನ್ನುತ್ತಾರೆ. ಆ ನಂಬಿಕೆ ಇದ್ದಷ್ಟೂ ನಿನ್ನ ಹೊಣೆ ಹೆಚ್ಚು. ಆ ಕೈಯನ್ನು ತಡೆದು, ಕುರ್ಚಿ ಎಳೆದುಕೊಂಡು ಕೂತು, ಇಂಥ ಆಪರೇಷನ್ ನೂರು ಜನರಿಗೆ ಮಾಡಿದರೆ ಎಷ್ಟು ಜನರಿಗೆ ಗುಣವಾಗುತ್ತದೆ, ಎಷ್ಟು ಜನರಿಗೆ ತೊಂದರೆಯಾಗುತ್ತದೆ, ಮಾಡಿಸದಿದ್ದರೆ ಏನಾಗಬಹುದು ಎಂದು ಅವರ ಮಾತಿನಲ್ಲೇ ಹೇಳು. ಶೇಕಡಾವಾರು ಬೇಡ, ತಲೆಯೆಣಿಕೆಯಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ ಅವರಿಂದಲೇ ಒಮ್ಮೆ ಹೇಳಿಸು. ಬೇಡವೆಂದರೂ ಉಳಿದ ಆರೈಕೆಗೆ ಕುಂದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.

ಹೀಗೆ ತಿಳಿಸಿ ಒಪ್ಪಿಗೆ ಕೇಳದಿದ್ದರೆ ಏನಾಗುತ್ತದೆ ನೋಡು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ 399 ಬಡ ಕಪ್ಪು ಜನರಿಗೆ ವಿಷಯವನ್ನೇ ತಿಳಿಸದೆ, ಪೆನ್ಸಿಲಿನ್ ಬಂದ ಮೇಲೂ ಕೊಡದೆ, ಕಾಯಿಲೆ ಬೆಳೆಯುವುದನ್ನು ವೈದ್ಯರು ಬರೆದಿಡುತ್ತ ಹೋದರು. ಸಂಶೋಧನೆಗೆ ಒಳಗಾದ ಮನುಷ್ಯನ ಜೀವ, ಆರೋಗ್ಯಗಳನ್ನು ಕಾಯುವುದು ವೈದ್ಯರ ಕರ್ತವ್ಯ ಎಂದು ಜಗತ್ತಿನ ವೈದ್ಯರ ಸಂಘ ಸಾರಿದ ಹೆಲ್ಸಿಂಕಿ ಘೋಷಣೆ 1964ರಲ್ಲೇ ಬಂದಿತ್ತು. ಆದರೂ ಟಸ್ಕೀಗಿಯ ಆ ಅಧ್ಯಯನ ಇನ್ನೂ ಎಂಟು ವರ್ಷ ನಡೆಯಿತು.

ನಿನ್ನ ಸಮೀಕ್ಷೆಗೆ ಸೊರಬದ ಕಡೆ ಹೋಗುವವಳಿದ್ದೀಯಂತೆ. ಸಂಶೋಧನೆ ನೀತಿಯಂತಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಯ ಅನುಮತಿ ಕೈಗೆ ಬರುವವರೆಗೆ ಒಂದು ಮನೆಯನ್ನೂ ಮುಟ್ಟಬೇಡ. ಎಷ್ಟು ಮನೆ ಬೇಕೆಂಬುದನ್ನು ಮೊದಲೇ ಲೆಕ್ಕ ಹಾಕು, ರಸ್ತೆ ಬದಿಯ ಮನೆಗಳನ್ನಷ್ಟೇ ಆರಿಸಿಕೊಳ್ಳಬೇಡ, ಕಾಡಂಚಿನ ಒಂಟಿ ಮನೆಗಳಿಗೂ ಹೋಗು. ಫಲಿತಾಂಶವನ್ನು ಆ ಊರಿನವರಿಗೂ ಕನ್ನಡದಲ್ಲಿ ಓದಿ ಹೇಳಿ ಬಾ. ನಮೂನೆಯ ಕರಡನ್ನು ಕಳಿಸಿದರೆ ತಿದ್ದಿಕೊಡುತ್ತೇನೆ.

ಇಂತಿ ನಿನ್ನ ದೊಡ್ಡಮ್ಮ