ರಾತ್ರಿ ಹತ್ತಕ್ಕೂ ಕಾದಿದ್ದ ತಾರಸಿ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಬೇಜಾರು ಮಾಡಿಕೊಂಡೆ. ಚಂದ್ರನ ಮೇಲೆ ನೀರು ಹುಡುಕಲು ಹೊರಟರೆ ದಿನವಿಡೀ ಅಳತೆಯಿಂದ ನೆಲದ ಬಿಸಿ ಕಳೆಯುವುದೇ ಕೆಲಸವಾಗಿದೆ ಅಂದೆ. ನಾನು ಸುಮ್ನೆ ಹೂಂಗುಟ್ಟಿದೆ, ಅರ್ಥವೇನೂ ಆಗಿರಲಿಲ್ಲ. ಆಮೇಲೆ ಕೂತು ಓದಿದೆ.

ಚಂದ್ರಯಾನ-1ರಲ್ಲಿ ಬೆಳಕನ್ನು ಅಲೆಯುದ್ದದ ಪ್ರಕಾರ ಬಿಡಿಸಿ ನೋಡುವ ನಾಸಾದ ಎಂ3 ಉಪಕರಣ ಹೋಗಿತ್ತಲ್ಲ, ಅದರ ಕಣ್ಣು 3 ಮೈಕ್ರಾನ್ ಅಲೆಯುದ್ದಕ್ಕೇ ನಿಲ್ಲುತ್ತಿತ್ತು. ನೀರು, ಅದರ ನೆಂಟ ಹೈಡ್ರಾಕ್ಸಿಲ್ ಬೆಳಕನ್ನು ನುಂಗುವುದೂ ಸರಿಯಾಗಿ ಅಲ್ಲೇ, 2.8ರಿಂದ 3ರ ಆಸುಪಾಸಿನಲ್ಲಿ. ಬಿಸಿಲಿಗೆ ಕಾದ ನೆಲ ಅದೇ ಜಾಗದಲ್ಲಿ ತನ್ನದೂ ಒಂದಿಷ್ಟು ಇನ್‌ಫ್ರಾರೆಡ್ ಸೂಸುತ್ತದೆ. ಗ್ರಾಫಿನಲ್ಲಿ ನೀರು ತೋಡಿದ ಗುಂಡಿಯನ್ನು ಬಿಸಿ ಬಂದು ಮುಚ್ಚುತ್ತದೆ. 2009ರ ಸೆಪ್ಟೆಂಬರಿನಲ್ಲಿ ನೀರಿನ ಸುದ್ದಿ ಬಂತು. ನೌಕೆಯ ಸಂಪರ್ಕ ಕಡಿದು ಆಗಿನ್ನೂ ತಿಂಗಳಾಗಿರಲಿಲ್ಲ. ಧ್ರುವಗಳ ಕಡೆ ಗುರುತು ಜಾಸ್ತಿ ಕಂಡಿತ್ತು. ಅಲ್ಲಿ ನೀರೇ ಜಾಸ್ತಿಯೋ, ನೆಲ ತಣ್ಣಗಿರುವುದರಿಂದ ಗುಂಡಿ ಚೆನ್ನಾಗಿ ಕಾಣುತ್ತದೋ? ಬಿಸಿ ಸರಿಯಾಗಿ ಕಳೆಯದೆ ಹೇಳುವುದು ಹೇಗೆ? ಚಂದ್ರಯಾನ-2ರಲ್ಲಿರುವ ಅದೇ ಥರದ ಉಪಕರಣ ಐಐಆರ್‌ಎಸ್ 5 ಮೈಕ್ರಾನ್‌ವರೆಗೂ ನೋಡುವುದು ಅದಕ್ಕೇ ಅಲ್ವಾ? ಹಗಲಲ್ಲಿ ಆ ತುದಿಯಲ್ಲಿ ಬರುವುದು ಬಹುಪಾಲು ಚಂದ್ರನ ಸ್ವಂತ ಕಾವು. ಅಲ್ಲಿ ಅಳೆದು, ಇಲ್ಲಿ ಕಳೆಯಬಹುದು. ತಪ್ಪಿದ್ದರೆ ತಿದ್ದು.

ನಿನ್ನೆ ರಾತ್ರಿ ಹತ್ತಕ್ಕೆ ಕರೆಂಟ್ ಹೋಯಿತು. ತಾರಸಿ ಹತ್ತಿದೆ. ಕಾಲಿಗೆ ಇನ್ನೂ ತಾಗುವಷ್ಟು ಕಾವು. ಕೆಳಗಿಳಿದು, ಪಕ್ಕದವರು ಮನೆ ಕಟ್ಟಲು ಸುರಿಸಿಕೊಂಡ ಎಂ-ಸ್ಯಾಂಡ್ ಗುಡ್ಡೆಗೆ ಕೈಯಿಟ್ಟೆ. ತಣ್ಣಗಿತ್ತು! ಎರಡೂ ಕಾದದ್ದು ಒಂದೇ ಬಿಸಿಲಿಗೆ. ಗಟ್ಟಿ ಕಾಂಕ್ರೀಟು ಕಾವನ್ನು ಒಳಗಿಳಿಸಿ ಇಟ್ಟುಕೊಂಡಿತ್ತು. ಮರಳಿಗೆ ಅದು ಆಗದು, ಮೇಲಷ್ಟೇ ಕಾದು ಬೇಗ ಆರುತ್ತದೆ. ನಾನು ಕತ್ತಲಲ್ಲಿ ಮರಳು ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ನಿನ್ನಮ್ಮ ಗೇಟಿನಿಂದಲೇ, "ಏನ್ರೀ, ಏನು ಕಳ್ಕೊಂಡ್ರಿ?" ಅಂದಳು.

ಮಂಗಳನ ಮೇಲೆ ಇದನ್ನೇ ಆಕಾಶದಿಂದ ಮಾಡುತ್ತಾರಂತೆ. 2001ರಲ್ಲಿ ಹೊರಟ ಒಡಿಸ್ಸಿ ನೌಕೆಯ ಥೆಮಿಸ್ ಎಂಬ, ಕಾವು ಹಿಡಿಯುವ ಕ್ಯಾಮೆರಾ ರಾತ್ರಿ ಹೊತ್ತು ತೆಗೆದ ಚಿತ್ರಗಳಲ್ಲಿ ಬಂಡೆಯಿರುವ ಕಡೆ ಬೆಳ್ಳಗೆ, ದೂಳಿರುವ ಕಡೆ ಕಪ್ಪಗೆ. ಹಗಲಿನ ಫೋಟೋದಲ್ಲಿ ಎರಡೂ ಒಂದೇ ಥರ ಕಾಣಬಹುದು. ನೀನು ಕಸ ಅಂತ ಕಳೆಯುವ ಕಾವೇ ಅವರಿಗೆ ಬಂಡವಾಳ ನೋಡು.

ನನಗೊಂದು ಗ್ರಾಫ್ ಕಳಿಸು. ಬಣ್ಣ ತುಂಬಿದ ನಕ್ಷೆ ಬೇಡ, ಅದನ್ನು ನೋಡಿದರೆ ಚಂದ್ರನಿಗೆ ಹೋಳಿ ಆಡಿಸಿದ ಹಾಗಿರುತ್ತದೆ. ಒಂದೇ ಜಾಗದ್ದು, ಬಿಸಿ ಕಳೆಯುವ ಮುಂಚಿನದು ಮತ್ತು ಆಮೇಲಿನದು. ಗುಂಡಿ ಎಲ್ಲಿದೆ ಅಂತ ನಾನೇ ಹುಡುಕುತ್ತೇನೆ, ಬಾಣದ ಗುರುತು ಹಾಕಬೇಡ.

ನಿನ್ನ
ಅಪ್ಪ