ಅಮ್ಮ, ನೋವಿಲ್ಲ ಅಂದರೆ ಸಮಾಧಾನ ಪಡಬೇಡ

ಲೌಟರ್‌ಬ್ರುನ್ನೆನ್, ಸ್ವಿಟ್ಜರ್ಲೆಂಡ್
ಆಗಸ್ಟ್ 1, ರಾತ್ರಿ

ಪ್ರೀತಿಯ ಅಮ್ಮ,

ಅಪ್ಪಯ್ಯನಿಗೂ ನಿನಗೂ ನಮಸ್ಕಾರ. ನಾವು ನಾಲ್ಕೂ ಜನ ಆರಾಮ. ಅಲ್ಲಿ ಸುಮಕ್ಕ, ಭಾವ, ದೊಡ್ಡಮ್ಮ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ.

ನಿನ್ನ ಪತ್ರ ಸಿಕ್ಕಿತು. ಸುಮಕ್ಕ ಸಾಗರಕ್ಕೆ ಹೋದಾಗ ಅದರ ಫೋಟೋ ತೆಗೆದು ಕಳಿಸಿದ್ದಾಳೆ. ಫೋನ್ ಮಾಡಬಹುದಿತ್ತು. ಆದರೆ ಮಳೆ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದೇ ಕಷ್ಟ. ಸಿಕ್ಕರೂ ಅಪ್ಪಯ್ಯ ಪಕ್ಕದಲ್ಲೇ ಕೂತಿರುತ್ತಾರೆ. "ಏನಿಲ್ಲ ಬಿಡು, ಮಕ್ಕಳಿಗೆ ಕೊಡು ಫೋನು" ಅಂದುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸುಮಕ್ಕ ಪ್ರಿಂಟ್ ತೆಗೆಸಿ ತಂದುಕೊಡುತ್ತಾಳೆ.

ನಾಲ್ಕು ಪುಟದಲ್ಲಿ ಮೂರೂವರೆ ಪುಟ ನೀನು ಮಕ್ಕಳ ಬಗ್ಗೆಯೇ ಬರೆದಿದ್ದೀಯ. ಹಿಮದಲ್ಲಿ ಶೀತ ಆಗುತ್ತದೆ, ಚಿನ್ನಿಗೆ ಇನ್ನೂ ಮೂರು ವರ್ಷ, ಅಷ್ಟು ಎತ್ತರಕ್ಕೆ ಕರೆದುಕೊಂಡು ಹೋಗುವುದು ಬೇಡ ಅಂತೆಲ್ಲ. ಅಪ್ಪಯ್ಯನ ಕಾಲಿನ ಬಗ್ಗೆ ಕೊನೆಯಲ್ಲಿ ಎರಡೇ ಸಾಲು. ಗಾಯ ಆಗಿದೆ, ನೋವೇನೂ ಇಲ್ಲವಂತೆ, ಚಿಂತೆ ಮಾಡಬೇಡ ಅಂತ. ಆ ಎರಡು ಸಾಲಿನಿಂದ ನನಗೆ ನಿನ್ನೆಯಿಂದ ನಿದ್ದೆ ಇಲ್ಲ.

ಮಕ್ಕಳ ವಿಷಯ ಮೊದಲು ಮುಗಿಸಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ಗಮನ ಇಟ್ಟು ಓದುವುದಿಲ್ಲ. ಇಬ್ಬರಿಗೂ ಶೀತ ಇಲ್ಲ, ಕೆಮ್ಮಿಲ್ಲ, ಹೊಟ್ಟೆಯೂ ಸರಿಯಾಗಿದೆ. ಇಲ್ಲಿ ಈಗ ಬೇಸಿಗೆ. ಹಗಲು ಬಿಸಿಲು, ರಾತ್ರಿ ಒಂದು ಸ್ವೆಟರ್ ಹಾಕುವಷ್ಟು ಚಳಿ, ಅಷ್ಟೇ. ನಾವಿರುವುದು ಅಡುಗೆಮನೆ ಇರುವ ಬಾಡಿಗೆ ಮನೆ. ಸ್ಟುಟ್‌ಗಾರ್ಟ್‌ನ ನಮ್ಮ ಮನೆಯಿಂದ ಅಕ್ಕಿ, ಬೇಳೆ, ಕುಕ್ಕರ್, ನೀನು ಕೊಟ್ಟ ಮೆಂತ್ಯದ ಹಿಟ್ಟು, ಅಪ್ಪೆಮಿಡಿ ಎಲ್ಲ ತಂದಿದ್ದೇನೆ. ಬೆಳಿಗ್ಗೆ ಗೊಜ್ಜವಲಕ್ಕಿ, ರಾತ್ರಿ ಅನ್ನ ಸಾರು. ಒಂದು ಹೊತ್ತೂ ಹಸಿದಿಲ್ಲ.

ರೈಲಿನಲ್ಲಿ ಮಕ್ಕಳು ಅಳಲಿಲ್ಲ. ಜ್ಯೂರಿಕ್‌ನಲ್ಲಿ ಹತ್ತಿದ್ದು ಎರಡಂತಸ್ತಿನ ರೈಲು. ಅದರಲ್ಲಿ ಒಂದು ಬೋಗಿ ಮಕ್ಕಳ ಸಂಸಾರಕ್ಕೆ ಅಂತಲೇ ಇದೆ. ಮೇಲಿನ ಅಂತಸ್ತಿನಲ್ಲಿ ಜಾರುಬಂಡೆ! ಓಡುವ ರೈಲಿನೊಳಗೆ ಪುಟ್ಟ ಜಾರುತ್ತಾ ಕೂತ, ಊರು ಬಂದದ್ದೇ ಗೊತ್ತಾಗಲಿಲ್ಲ. 6 ವರ್ಷದೊಳಗಿನವರಿಗೆ ರೈಲಿನಲ್ಲಿ ಟಿಕೆಟ್ಟೇ ಬೇಡ. ನಾವು ಪಾಸ್ ಮಾಡಿಸಿದ್ದರಿಂದ ಪುಟ್ಟನಿಗೂ ಪುಕ್ಕಟೆ. ದುಡ್ಡು ನೀರಿನ ಹಾಗೆ ಹೋಗುತ್ತಿದೆ ಅಂತ ನೀನು ಅಂದುಕೊಂಡಿದ್ದೀಯ, ಹಾಗೇನಿಲ್ಲ. ಕುಡಿಯುವ ನೀರನ್ನೂ ಕೊಳ್ಳಬೇಕಿಲ್ಲ. ದಾರಿಯಲ್ಲಿ ಮರದ ದೋಣಿಯಂಥ ತೊಟ್ಟಿಗೆ ಕೊಳವೆಯಿಂದ ಬೆಟ್ಟದ ನೀರು ಬೀಳುತ್ತಿರುತ್ತದೆ, ಬಾಟಲಿ ಹಿಡಿದು ತುಂಬಿಕೊಳ್ಳುವುದು. ಕುಡಿಯಬಾರದ ಕಡೆ ಬೋರ್ಡ್ ಹಾಕಿರುತ್ತಾರೆ. ಚಿನ್ನಿ ಪ್ರತಿ ತೊಟ್ಟಿಯ ಹತ್ತಿರವೂ ನಿಂತು ಎರಡೂ ಕೈ ಒಡ್ಡುತ್ತಾಳೆ. ನಮ್ಮ ಅಬ್ಬಿ ನೀರಿನ ನೆನಪಾಯಿತು.

ಮನೆಯ ಕಿಟಕಿಗೆ ನೇರವಾಗಿ ಸ್ಟೌಬ್‌ಬಾಖ್ ಅಂತ ಒಂದು ಜಲಪಾತ ಕಾಣುತ್ತದೆ. 297 ಮೀಟರ್ ಎತ್ತರ. ಜೋಗ 253 ಮೀಟರ್. "ಹಾಗಾದರೆ ಇದೇ ದೊಡ್ಡದಾ?" ಅಂತ ಪುಟ್ಟ ಕೇಳಿದ. ನಾನು ಒಪ್ಪಲಿಲ್ಲ. ಇದು ಒಂದೇ ಎಳೆ, ಗಾಳಿ ಬಂದರೆ ನೆಲ ಮುಟ್ಟುವ ಮೊದಲೇ ಪುಡಿಯಾಗಿ ಹಾರಿಹೋಗುತ್ತದೆ. ಆಗಸ್ಟ್ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿ ಬೀಳುವುದನ್ನು ಅಪ್ಪಯ್ಯನ ಹೆಗಲ ಮೇಲೆ ಕೂತು ನೋಡಿದವಳು ನಾನು. ಅದರ ಸದ್ದು ಎದೆಯೊಳಗೆ ಕೇಳುತ್ತದೆ. ಇದು ಚೆಂದ, ಅದು ದೊಡ್ಡದು ಅಂತ ಹೇಳಿದೆ. ಅವನಿಗೆ ಅಪ್ಪಯ್ಯನೇ ಕರೆದುಕೊಂಡು ಹೋಗಿ ತೋರಿಸಬೇಕು. ಅದಕ್ಕೆ ಕಾಲು ಬೇಕಲ್ಲ ಅಮ್ಮ.

ನಿನ್ನೆ ಯುಂಗ್‌ಫ್ರೌ ಬೆಟ್ಟದ ಕಡೆ ಹೋಗಿದ್ದೆವು. ನೀನು ಹೆದರಿದ್ದು ಇದಕ್ಕೇ ಅಂತ ಗೊತ್ತು. ಮೇಲಿನ ಸ್ಟೇಷನ್ 3,454 ಮೀಟರ್ ಎತ್ತರದಲ್ಲಿದೆ. ಯುರೋಪಿನಲ್ಲೇ ಅದಕ್ಕಿಂತ ಎತ್ತರದ ರೈಲು ನಿಲ್ದಾಣ ಇಲ್ಲ. ಚಿನ್ನಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಅಷ್ಟು ಮೇಲೆ ಗಾಳಿ ತೆಳು, ಅಷ್ಟು ಸಣ್ಣ ಮಗುವಿಗೆ ತಲೆನೋವು, ವಾಂತಿ ಆದರೆ ಬಾಯಿಬಿಟ್ಟು ಹೇಳಲೂ ಬರುವುದಿಲ್ಲ. ಇವರು ಪುಟ್ಟನನ್ನು ಕರೆದುಕೊಂಡು ಹೋದರು. ನಾನು ಚಿನ್ನಿ ಜೊತೆ ಕ್ಲೈನೆ ಶೈಡೆಗ್ ಅನ್ನುವ ಸ್ಟೇಷನ್ನಿನಲ್ಲೇ ಉಳಿದೆ. ಅದೇ 2,061 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಅಲ್ಲಿಂದ ಹೊರಟ ರೈಲು ಬೆಟ್ಟದ ಹೊಟ್ಟೆಯೊಳಗೆ ಸುರಂಗದಲ್ಲಿ 7 ಕಿಲೋಮೀಟರ್ ಹತ್ತುತ್ತದೆ. ಜಾರಿ ಹಿಂದೆ ಬರದಂತೆ ಹಳಿಗಳ ನಡುವೆ ಹಲ್ಲಿನ ಪಟ್ಟಿ, ರೈಲಿನಡಿ ಹಲ್ಲಿನ ಚಕ್ರ. 1896ರಲ್ಲಿ ಕೊರೆಯಲು ಶುರುಮಾಡಿ 16 ವರ್ಷಕ್ಕೆ ಮುಗಿಸಿದರಂತೆ. ತೆರೆದದ್ದು 1912ರ ಆಗಸ್ಟ್ 1ಕ್ಕೆ, ಇವತ್ತಿನ ದಿನವೇ. ಪುಟ್ಟ ಮೇಲೆ ಹಿಮ ಮುಟ್ಟಿ, ಅಲೆಟ್ಷ್ ಅನ್ನುವ ಹಿಮನದಿ ನೋಡಿ ಇಳಿದು ಬಂದ. ತಲೆನೋವೂ ಬರಲಿಲ್ಲ. ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ ಹಾಕಿಸಿದ್ದೆ.

ಅವರು ಮೇಲೆ ಹೋಗಿದ್ದಾಗಲೇ ಸುಮಕ್ಕ ಕಾಲಿನ ಫೋಟೋ ಕಳಿಸಿದಳು. ನಿನ್ನ ಪತ್ರ ಓದಿದ ಕೂಡಲೇ ನಾನೇ ಕೇಳಿದ್ದೆ. ಬೈಯಬೇಡ ಅವಳಿಗೆ. ಎದುರಿಗೆ ಐಗರ್ ಬೆಟ್ಟ ಗೋಡೆ ಹಾಗೆ ನಿಂತಿದೆ, ಗಂಟೆ ಕಟ್ಟಿದ ದನಗಳು ಮೇಯುತ್ತಿವೆ, ಚಿನ್ನಿ ಅವುಗಳ ಹಿಂದೆ "ಅಂಬಾ, ಅಂಬಾ" ಅಂತ ಓಡುತ್ತಿದ್ದಾಳೆ. ನಾನು ಬೆಂಚಿನ ಮೇಲೆ ಕೂತು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ನಾಲ್ಕಾಣೆ ಅಗಲದ ಗಾಯ. ಸುತ್ತ ಚರ್ಮ ಬೆಳ್ಳಗೆ ನೆನೆದು ದಪ್ಪಗಾಗಿದೆ. ನಡುವೆ ಗುಳಿ. ಒಂದು ಬದಿಗೆ ಕಪ್ಪು ಅಂಚು. ಅದು ಅರಿಶಿನದ ಕಲೆಯೋ ಚರ್ಮವೋ ಫೋಟೋದಲ್ಲಿ ಗೊತ್ತಾಗಲಿಲ್ಲ.

ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ದಿನ ಅಪ್ಪಯ್ಯನ ಬೂಟಿನೊಳಗೆ ಕಲ್ಲು ಸೇರಿತ್ತು, ಸಂಜೆವರೆಗೂ ಗೊತ್ತೇ ಆಗಲಿಲ್ಲ, ಜಗಲಿ ಮೇಲೆ ರಕ್ತ ಕಂಡು ನೀನೇ ಕೇಳಿದೆಯಂತೆ. ಅದನ್ನೇ ಯೋಚನೆ ಮಾಡು ಅಮ್ಮ. ಇಡೀ ದಿನ ಕಲ್ಲು ಚುಚ್ಚಿದರೂ ಗೊತ್ತಾಗಲಿಲ್ಲ ಅಂದರೆ ಕಾಲಿಗೆ ಸ್ಪರ್ಶ ಹೋಗಿದೆ. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದರೆ ಪಾದದ ನರ ಸತ್ತ ಹಾಗೆ ಆಗುತ್ತದೆ. ಗಾಯ ಒಳಗೆ ಎಷ್ಟು ಬೆಳೆದರೂ ನೋಯುವುದಿಲ್ಲ. ನೋವಿಲ್ಲ ಅಂತ ನೀವಿಬ್ಬರೂ ಸಮಾಧಾನ ಪಡುತ್ತಿದ್ದೀರಿ, ನನಗೆ ಭಯ ಆಗುವುದೇ ಅದಕ್ಕೆ. ದೊಡ್ಡಪ್ಪನಿಗೂ ಹೀಗೇ ಶುರುವಾದದ್ದು. ಅವರೂ ನೋವಿಲ್ಲ ಅಂತಲೇ ಹೇಳುತ್ತಿದ್ದರು. ಗದ್ದೆ ಕೆಲಸ ಮುಗಿಯಲಿ ಅಂತ ಒಂದು ತಿಂಗಳು ಕಾದರು. ಎರಡು ಬೆರಳು ಹೋಯಿತು.

ನಾಳೆಯೇ ಶಿವಮೊಗ್ಗಕ್ಕೆ ಹೋಗಿ. ನಾಡಿದ್ದಲ್ಲ, ನಾಳೆ. ಭಾವ ಕಾರು ತರುತ್ತಾರೆ, ಮಾತಾಡಿದ್ದೇನೆ. 70 ಕಿಲೋಮೀಟರ್ ದಾರಿ, ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಸಂಜೆಗೆ ಮನೆಗೆ ಬರಬಹುದು. ಇರಿಸಿಕೊಳ್ಳುತ್ತೇವೆ ಅಂದರೆ ಇರಲಿ, ಕೊಟ್ಟಿಗೆ ಕೆಲಸಕ್ಕೆ ಸುಮಕ್ಕ ಬರುತ್ತಾಳೆ. ಬರೀ ಡ್ರೆಸ್ಸಿಂಗ್ ಮಾಡಿಸಿಕೊಂಡು ವಾಪಸ್ ಬರಬೇಡಿ. ಗಾಯ ಮೂಳೆವರೆಗೆ ಹೋಗಿದೆಯಾ, ಎಕ್ಸ್‌ರೇ ಬೇಕಾ ಅಂತ ಕೇಳಿ. ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯಾ ಅಂತ ನೋಡಿಸಿ. ಸಕ್ಕರೆ ಖಾಲಿ ಹೊಟ್ಟೆಯದ್ದು ಮಾತ್ರ ಅಲ್ಲ, ಮೂರು ತಿಂಗಳ ಲೆಕ್ಕ ಹೇಳುವ ಪರೀಕ್ಷೆಯನ್ನೂ ಮಾಡಿಸಿ. ಔಷಧಿ ಹೊಡೆಸುವ ದಿನಗಳಲ್ಲಿ ಮಾತ್ರೆ ತಪ್ಪಿಸಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಬೈದರೆ ಬೈಯಲಿ.

ಹೊರಡುವವರೆಗೆ ಗಾಯಕ್ಕೆ ಅರಿಶಿನ, ಸುಣ್ಣ, ಎಲೆರಸ ಏನೂ ಹಾಕಬೇಡ. ಹಂಡೆಯ ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂರಲು ಬಿಡಬೇಡ. ಸ್ಪರ್ಶ ಇಲ್ಲದ ಕಾಲು, ಸುಟ್ಟರೂ ತಿಳಿಯುವುದಿಲ್ಲ. ದಪ್ಪಗಾದ ಚರ್ಮವನ್ನು ಅಪ್ಪಯ್ಯ ಬ್ಲೇಡಿನಿಂದ ಕೆರೆಯುತ್ತಾರಂತೆ, ಆ ಬ್ಲೇಡ್ ಎತ್ತಿಡು. ಸ್ವಚ್ಛ ಬಟ್ಟೆ ಮುಚ್ಚಿ, ಆ ಕಾಲಿನ ಮೇಲೆ ಭಾರ ಹಾಕದೆ ಕೂರಲಿ. ತೋಟಕ್ಕೆ ಇಳಿಯುವುದು ಬೇಡ. ಇವತ್ತು ರಾತ್ರಿಯೇ ಜ್ವರ ಬಂದರೆ, ವಾಸನೆ ಬಂದರೆ, ಪಾದ ಕೆಂಪಗೆ ಊದಿದರೆ ಬೆಳಗಾಗುವವರೆಗೂ ಕಾಯಬೇಡಿ. ಇನ್ನೊಂದು ಕಾಲನ್ನೂ ನೋಡು. ಬೆರಳ ಸಂದಿ, ಹಿಮ್ಮಡಿ ಎಲ್ಲ. ಅಂಗಾಲು ಕಾಣದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡು.

ದುಡ್ಡು ಸುಮಕ್ಕನ ಅಕೌಂಟಿಗೆ ಹಾಕಿದ್ದೇನೆ. ಅಡಿಕೆ ಮಂಡಿಗೆ ಹೋಗಲಿ, ರೇಟು ನೋಡೋಣ ಅಂತ ಅಪ್ಪಯ್ಯ ಹೇಳುವ ಹಾಗಿಲ್ಲ. ಪ್ರವಾಸಕ್ಕೆ ತೆಗೆದಿಟ್ಟಿದ್ದರಿಂದ ಕೊಟ್ಟಿದ್ದಲ್ಲ, ಬೇರೆಯೇ ಇತ್ತು. ಸಾಲ ಮಾಡಿಲ್ಲ. ಇವರೇ ಮೊದಲು ಹೇಳಿದ್ದು.

ಊರಿಗೆ ಬರುವುದು ಬಿಟ್ಟು ಬೆಟ್ಟ ನೋಡಲು ಹೋದಿರಿ ಅಂತ ನೀನು ಬರೆದಿದ್ದೀಯ. ಆ ಸಾಲು ಓದಿ ತುಂಬಾ ಬೇಜಾರಾಯಿತು. ಜರ್ಮನಿಯಲ್ಲಿ ರಜೆ ಇಲ್ಲದಾಗ ಮಕ್ಕಳಿಗೆ ಶಾಲೆ ತಪ್ಪಿಸಿ ಊರಿಗೆ ಹೋಗುವ ಹಾಗಿಲ್ಲ, ದಂಡ ಹಾಕುತ್ತಾರೆ. ಈ ಬೇಸಿಗೆ ರಜೆಯಲ್ಲಿ ವಿಮಾನದ ಟಿಕೆಟ್ ನಾಲ್ಕು ಜನಕ್ಕೆ ಕೈಗೆ ಸಿಗದ ರೇಟು. ಅದಕ್ಕೇ ರೈಲಿನಲ್ಲಿ ಹೋಗಿಬರುವಷ್ಟು ದೂರಕ್ಕೆ ಬಂದೆವು. ಪುಟ್ಟನ ಗೆಳೆಯರೆಲ್ಲ ಎಲ್ಲಾದರೂ ಹೋಗುತ್ತಾರೆ, ಅವನೂ ಆಸೆಪಟ್ಟಿದ್ದ. ಡಿಸೆಂಬರ್ ರಜೆಗೆ ಊರಿಗೆ ಬರುವುದು ಗಟ್ಟಿ. ಶಿವಮೊಗ್ಗದಲ್ಲಿ ಏನಾದರೂ ಹೆಚ್ಚುಕಮ್ಮಿ ಹೇಳಿದರೆ ಡಿಸೆಂಬರ್‌ವರೆಗೆ ಕಾಯುವುದಿಲ್ಲ, ನಾನೊಬ್ಬಳೇ ಮರುದಿನವೇ ಹೊರಡುತ್ತೇನೆ. ಮಕ್ಕಳನ್ನು ಇವರು ನೋಡಿಕೊಳ್ಳುತ್ತಾರೆ. ಸರಿಯಾಗುತ್ತದೆ ಅಮ್ಮ. ಈಗಲೇ ಹೋದರೆ ಖಂಡಿತ ವಾಸಿಯಾಗುತ್ತದೆ. ನೀನು ಅಳುತ್ತಾ ಕೂರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಇಲ್ಲಿ ಧೈರ್ಯವಾಗಿಯೇ ಇದ್ದೇನೆ.

ಇವತ್ತು ಇಲ್ಲಿಯವರ ರಾಷ್ಟ್ರೀಯ ಹಬ್ಬ. 1291ರಲ್ಲಿ ಮೂರು ಕಣಿವೆಯವರು ಸೇರಿ ಒಪ್ಪಂದ ಮಾಡಿಕೊಂಡ ನೆನಪಿಗೆ. ಸಂಜೆ ಮಕ್ಕಳೆಲ್ಲ ಕಾಗದದ ಲಾಟೀನು ಹಿಡಿದು ಬೀದಿಯಲ್ಲಿ ನಡೆದರು. ಮನೆಯ ಒಡತಿ ನಮ್ಮ ಇಬ್ಬರು ಮಕ್ಕಳಿಗೂ ಒಂದೊಂದು ಕೊಟ್ಟರು, ಕೆಂಪು ಕಾಗದ, ಮೇಲೆ ಬಿಳಿ ಶಿಲುಬೆ. ಚಿನ್ನಿ ಅದನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು, ಒಳಗಿನ ದೀಪ ಆರದ ಹಾಗೆ, ಒಂದೊಂದೇ ಹೆಜ್ಜೆ ಇಟ್ಟು ನಡೆದಳು. ಕಾರ್ತಿಕದಲ್ಲಿ ನೀನು ತುಳಸಿಕಟ್ಟೆಗೆ ದೀಪ ಒಯ್ಯುವ ಹಾಗೇ ಇತ್ತು. ಎದುರಿನ ಬೆಟ್ಟದ ಮೇಲೆ ಬೆಂಕಿ ಹಾಕಿದ್ದಾರೆ, ಇಲ್ಲಿಂದ ಕೆಂಪು ಚುಕ್ಕಿ ಹಾಗೆ ಕಾಣುತ್ತಿದೆ.

ಪಟಾಕಿ ಶುರುವಾಯಿತು, ಚಿನ್ನಿ ಎದ್ದು ಅಳುತ್ತಿದ್ದಾಳೆ. ಮುಗಿಸುತ್ತೇನೆ. ಪತ್ರ ಬರೆಯುತ್ತಾ ಕೂರಬೇಡ, ಆಸ್ಪತ್ರೆಯಿಂದ ಭಾವ ಒಂದು ಮೆಸೇಜ್ ಹಾಕಿದರೆ ಸಾಕು. ಎಲ್ಲರಿಗೂ ಕೇಳಿದೆ ಅಂತ ಹೇಳು.

ನಿನ್ನ ಮಗಳು

ಮರೆತೆ: ಅಪ್ಪಯ್ಯನ ಬೂಟನ್ನು ದಿನಾ ಬೆಳಿಗ್ಗೆ ಬೋರಲು ಹಾಕಿ ಕೊಡವಿ, ಒಳಗೆ ಕೈ ಹಾಕಿ ನೋಡಿ ಆಮೇಲೆ ಕೊಡು. ಈ ಪತ್ರ ಅವರಿಗೆ ಓದಿ ಹೇಳುವಾಗ ದೊಡ್ಡಪ್ಪನ ವಿಷಯ ಬಿಟ್ಟು ಓದು. ಬೇಡ, ಅದನ್ನೂ ಓದು.